ತೀರ್ಮಾನ ಹಿತವಾಗಿದ್ದಾಗ ಇನ್ನೊಮ್ಮೆ ಓದು

ಮಗಳೇ,

ನೀನು ಕಳಿಸಿದ ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್ ಹಾಳೆಗಳನ್ನು ಪೂರ್ತಿ ಓದಿದೆ. ಲೆಕ್ಕದ ಭಾಗಕ್ಕೆ ಹೇಳಬೇಕಾದದ್ದೇನೂ ಇಲ್ಲ. ಎಂಟು ಜನ ದುಂಡುಮೇಜಿನ ಸುತ್ತ ಕೂತ ಒಗಟುಗಳಲ್ಲಿ ನಿನ್ನ ಕೈ ನನಗಿಂತ ಚುರುಕು. ಪೆಟ್ಟು ಬಿದ್ದಿರುವುದು ಹೇಳಿಕೆ ಕೊಟ್ಟು ತೀರ್ಮಾನ ಕೇಳುವ, ಹೇಳಿಕೆಯ ಹಿಂದಿನ ಊಹೆ ಕೇಳುವ, ‘ಈ ವಾದವನ್ನು ದುರ್ಬಲಗೊಳಿಸುವ ಮಾತು ಯಾವುದು’ ಎಂದು ಕೇಳುವ ಪ್ರಶ್ನೆಗಳಲ್ಲಿ. ‘ದೊಡ್ಡಪ್ಪ, ಇವು ಬರೀ ಅದೃಷ್ಟದ ಪ್ರಶ್ನೆಗಳು, ಇಲ್ಲವೇ ನನ್ನ ಇಂಗ್ಲಿಷ್ ಸಾಲದು’ ಎಂದು ಬರೆದಿದ್ದೀಯ. ಎರಡೂ ಅಲ್ಲ. ನೀನು ತಪ್ಪಿದ ಪ್ರಶ್ನೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಕಂಡದ್ದು ಇದು: ನೀನು ಗುರುತು ಹಾಕಿದ ಒಂದೊಂದು ಉತ್ತರವೂ ಒಳ್ಳೆಯ ಮಾತೇ. ಓದು ಬದುಕನ್ನು ಬದಲಿಸುತ್ತದೆ, ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕರೆ ಮನೆ ಸುಧಾರಿಸುತ್ತದೆ, ಕೆರೆ ಮುಚ್ಚಿದರೆ ನೀರಿಗೆ ಬರ ಬರುತ್ತದೆ. ಇವನ್ನೆಲ್ಲ ನಾನೂ ನಂಬುತ್ತೇನೆ. ಆದರೆ ಪ್ರಶ್ನೆಯಲ್ಲಿ ಕೊಟ್ಟ ನಾಲ್ಕು ಸಾಲಿನಿಂದ ಅವು ಹೊರಡುವುದಿಲ್ಲ.

ನಮಗೆ ಒಪ್ಪಿಗೆಯಿಲ್ಲದ ತೀರ್ಮಾನದಲ್ಲಿ ತರ್ಕದ ತಪ್ಪು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಒಪ್ಪಿಗೆಯಾದ ತೀರ್ಮಾನದಲ್ಲಿ ಅದೇ ತಪ್ಪು ಕಾಣುವುದೇ ಇಲ್ಲ. ಇದು ನಿನ್ನೊಬ್ಬಳ ಕೊರತೆಯಲ್ಲ. 1983ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೊನಾಥನ್ ಇವಾನ್ಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ತರ್ಕಕ್ಕೆ ನಿಲ್ಲದ ವಾದಗಳನ್ನು ಜನರ ಮುಂದಿಟ್ಟರು. ತೀರ್ಮಾನ ನಂಬುವಂತಿದ್ದಾಗ ನೂರಕ್ಕೆ ಸುಮಾರು 71ರಷ್ಟು ಸಲ ‘ಸರಿ’ ಎಂಬ ಉತ್ತರ ಬಂತು. ಅದೇ ಬಗೆಯ ಹುರುಳಿಲ್ಲದ ವಾದ ನಂಬಲಾಗದ ತೀರ್ಮಾನಕ್ಕೆ ಬಂದಾಗ ‘ಸರಿ’ ಎಂದದ್ದು ಸುಮಾರು 10ರಷ್ಟು ಸಲ ಮಾತ್ರ. ವಾದದ ಕಟ್ಟು ಒಂದೇ, ಬದಲಾದದ್ದು ನಂಬಿಕೆ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ತಪ್ಪು ಆಯ್ಕೆಗಳನ್ನು ಅವರು ನಮ್ಮ ನಂಬಿಕೆಯಿಂದಲೇ ತಯಾರಿಸುತ್ತಾರೆ.

ಆ ಪತ್ರಿಕೆ ಮಾಡುವವರು ನಿನಗೆ ದೂರದವರೂ ಅಲ್ಲ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಕಚೇರಿ ಇರುವುದು ಮುಂಬಯಿಯ ಕಾಂದಿವಲಿ ಪೂರ್ವದ ಠಾಕೂರ್ ಕಾಂಪ್ಲೆಕ್ಸಿನ ಹತ್ತಿರ. 1975ರಲ್ಲಿ ಬ್ಯಾಂಕ್ ನೌಕರರ ಆಯ್ಕೆಗೆಂದು ಒಂದು ಸಣ್ಣ ಘಟಕವಾಗಿ ಆರಂಭವಾಗಿ, 1984ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. 2011ರಿಂದ ಬಹುಪಾಲು ಸರಕಾರಿ ಬ್ಯಾಂಕುಗಳಿಗೆ ಸೇರಿ ಒಂದೇ ಸಾಮಾನ್ಯ ಪರೀಕ್ಷೆ ಬಂತು. ಕ್ಲರ್ಕ್ ಪರೀಕ್ಷೆಯ ಪ್ರಿಲಿಮ್ಸ್ ಮತ್ತು ಮೇನ್ಸ್ ಎರಡನ್ನೂ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ ತೀರ್ಮಾನಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಹಾಗಾಗಿ ಕುಂದಾಪುರದಲ್ಲಿರುವ ನಿನ್ನ ಚಿಕ್ಕಮ್ಮನ ಮಗ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಲ್ಲ, ಪಿ.ಒ. (ಪ್ರೊಬೇಷನರಿ ಆಫೀಸರ್) ಪರೀಕ್ಷೆ ಬರೆಯುವ ನಿನಗೆ ಇಂಗ್ಲಿಷೋ ಹಿಂದಿಯೋ. ಭಾಷೆ ಯಾವುದಾದರೂ ಎಡವುವ ಜಾಗ ಒಂದೇ. ಅದಕ್ಕೇ ನಿನ್ನ ಇಂಗ್ಲಿಷಿನ ಮೇಲೆ ದೂರು ಹಾಕಬೇಡ ಎಂದೆ.

ಸಮಯದ ಲೆಕ್ಕವನ್ನೂ ಮರೆಯುವಂತಿಲ್ಲ. ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ ಭಾಗಕ್ಕೆ 35 ಪ್ರಶ್ನೆ, 20 ನಿಮಿಷ. ಒಂದು ಪ್ರಶ್ನೆಗೆ 34 ಸೆಕೆಂಡು. ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಅಷ್ಟು ಅವಸರದಲ್ಲಿ ಮನಸ್ಸು ಯೋಚಿಸುವುದನ್ನು ಬಿಟ್ಟು, ತನಗೆ ಪರಿಚಯವಿರುವ ವಾಕ್ಯದ ಕಡೆ ಓಡುತ್ತದೆ. ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ಮನೆಯಲ್ಲಿ ನಿಧಾನವಾಗಿ ಕಂಡುಕೊಂಡರೆ ಮಾತ್ರ ಅಲ್ಲಿ 34 ಸೆಕೆಂಡು ಸಾಕಾಗುತ್ತದೆ.

ಮೊದಲ ಜಾರು ಬಂಡೆ, ವಾಕ್ಯವನ್ನು ತಿರುವಿ ಓದುವುದು. ನಿನ್ನ ಹಾಳೆಯಲ್ಲಿ ಇದು ಮತ್ತೆ ಮತ್ತೆ ಬಂದಿದೆ. ‘ಈ ವಲಯದಲ್ಲಿ ಬಡ್ತಿ ಪಡೆದವರೆಲ್ಲ ಹಳ್ಳಿಯ ಶಾಖೆಯಲ್ಲಿ ದುಡಿದವರು. ಆಕೆ ಹಳ್ಳಿಯ ಶಾಖೆಯಲ್ಲಿ ದುಡಿದಿದ್ದಾಳೆ. ಆದ್ದರಿಂದ ಆಕೆಗೆ ಬಡ್ತಿ ಸಿಗುತ್ತದೆ.’ ನೀನು ಇದನ್ನು ಸರಿ ಎಂದೆ. ದುಡಿದವಳಿಗೆ ಬಡ್ತಿ ಸಿಗಬೇಕು ಎಂಬ ನ್ಯಾಯ ನಿನ್ನಿಂದ ಹಾಗೆ ಹೇಳಿಸಿತು. ಹಳ್ಳಿಯಲ್ಲಿ ದುಡಿದೂ ಬಡ್ತಿ ಸಿಗದವರು ಸಾವಿರ ಜನ ಇರಬಹುದು, ಅವರ ಬಗ್ಗೆ ಆ ವಾಕ್ಯ ಬಾಯಿ ಬಿಟ್ಟಿಲ್ಲ.

ಇದನ್ನು ದಿನಾ ಡೊಂಬಿವಲಿಯಿಂದ ಬರುವ ಲೋಕಲ್‌ನಲ್ಲಿ ಇಟ್ಟು ನೋಡು. ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಕೂತವರ ಹತ್ತಿರ ಫಸ್ಟ್ ಕ್ಲಾಸ್ ಟಿಕೇಟೋ ಪಾಸೋ ಇರಲೇಬೇಕು, ಇದು ನಿಯಮ. ಟಿ.ಸಿ.ಗೆ ನಾಲ್ವರ ಬಗ್ಗೆ ಅರ್ಧರ್ಧ ಸುದ್ದಿ ಸಿಕ್ಕಿದೆ. ಒಬ್ಬಳು ಫಸ್ಟ್ ಕ್ಲಾಸಿನಲ್ಲಿ ಕೂತಿದ್ದಾಳೆ, ಪಾಸು ಯಾವುದೋ ಗೊತ್ತಿಲ್ಲ. ಒಬ್ಬ ಸೆಕೆಂಡ್ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಾನೆ, ಅವನ ಪಾಸೂ ಗೊತ್ತಿಲ್ಲ. ಮೂರನೆಯವಳ ಕೈಯಲ್ಲಿ ಫಸ್ಟ್ ಕ್ಲಾಸ್ ಪಾಸಿದೆ, ನಾಲ್ಕನೆಯವನ ಕೈಯಲ್ಲಿ ಸೆಕೆಂಡ್ ಕ್ಲಾಸ್ ಪಾಸಿದೆ. ಇಬ್ಬರೂ ಎಲ್ಲಿ ಕೂತಿದ್ದಾರೋ ಗೊತ್ತಿಲ್ಲ. ಈ ನಿಯಮ ಮುರಿದವರನ್ನು ಹಿಡಿಯಲು ಯಾರನ್ನು ವಿಚಾರಿಸಬೇಕು? ಮೊದಲನೆಯವಳನ್ನು ಮತ್ತು ನಾಲ್ಕನೆಯವನನ್ನು, ಅಷ್ಟೇ. ಫಸ್ಟ್ ಕ್ಲಾಸ್ ಪಾಸಿನವಳು ಗೆಳತಿಯರ ಜೊತೆ ಸೆಕೆಂಡ್ ಕ್ಲಾಸಿನಲ್ಲಿ ಕೂತರೆ ನಿಯಮಕ್ಕೆ ಏನೂ ಆಗದು. ಇದನ್ನು ನೀನು ಕಣ್ಣುಮುಚ್ಚಿ ಹೇಳುತ್ತೀಯ. 1966ರಲ್ಲಿ ಪೀಟರ್ ವೇಸನ್ ಎಂಬವರು ಇದೇ ಒಗಟನ್ನು ಅಕ್ಷರ ಮತ್ತು ಅಂಕಿ ಬರೆದ ಕಾರ್ಡುಗಳಲ್ಲಿ ಕೇಳಿದರು. ಆ ರೂಪದಲ್ಲಿ ಕೇಳಿದಾಗ ಹತ್ತರಲ್ಲಿ ಒಬ್ಬರಿಗೂ ಸರಿಯುತ್ತರ ಹೊಳೆಯುವುದು ಕಷ್ಟ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಬರಿಯ ‘ಎ’ ಮತ್ತು ‘ಬಿ’ ಎಂದು ಬಂದ ಪ್ರಶ್ನೆಯನ್ನು ಮನಸ್ಸಿನಲ್ಲೇ ರೈಲಿಗೆ ಹತ್ತಿಸು.

ನಮ್ಮ ಹಳೆಯ ತಾರ್ಕಿಕರು ಇದನ್ನು ಬೆಂಕಿ ಹೊಗೆಯ ಮೂಲಕ ಹೇಳಿದರು. ಅನ್ನಂಭಟ್ಟನ ತರ್ಕಸಂಗ್ರಹ ಓದಿದವರಿಗೆ ಗೊತ್ತು: ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಕಟ್ಟಿಗೆಯೂ ಬೇಕು. ಆ ಹಸಿ ಕಟ್ಟಿಗೆಯನ್ನು ಅವರು ಉಪಾಧಿ ಎಂದು ಕರೆದರು. ವಾದ ಮಾಡುವವನು ಹೇಳದೆ ಬಿಟ್ಟ, ಆದರೆ ಇಲ್ಲದಿದ್ದರೆ ವಾದವೇ ನಿಲ್ಲದ ಷರತ್ತು. ಪರೀಕ್ಷೆಯಲ್ಲಿ ದೋಷ ಹುಡುಕುವುದೆಂದರೆ ಬಹುಪಾಲು ಸಲ ಈ ಹಸಿ ಕಟ್ಟಿಗೆಯನ್ನು ಹುಡುಕುವುದೇ.

ಎರಡನೆಯದರ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಕಾರಣ ಮತ್ತು ಪರಿಣಾಮ. ಒಂದಾದ ಮೇಲೆ ಇನ್ನೊಂದು ಆಯಿತು, ಆದ್ದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎನ್ನುವುದು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು ಎಂಬ ಕಾಕತಾಲೀಯ ನ್ಯಾಯ ನಿನಗೆ ಶಾಲೆಯಲ್ಲೇ ಗೊತ್ತಾಗಿದೆ. ಆದರೆ ಪರೀಕ್ಷೆಯವರು ಕಾಗೆಯನ್ನು ಕೊಡುವುದಿಲ್ಲ, ತುಂಬ ನಂಬುವಂಥ ಕಾರಣವನ್ನೇ ಕೊಡುತ್ತಾರೆ. ಅಂಥದೊಂದನ್ನು ಈ ಮುಂಬಯಿಯ ಚರಿತ್ರೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ತರ್ಕ, ಕೆಟ್ಟ ತರ್ಕ ಎರಡೂ ಒಬ್ಬನೇ ಮನುಷ್ಯನ ಕತೆಯಲ್ಲಿವೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಪ್ರದೇಶದಲ್ಲಿ ಪ್ಲೇಗ್ ಇದೆಯೆಂದು ಡಾಕ್ಟರ್ ಅಕಾಸಿಯೋ ವಿಯೇಗಸ್ ಗುರುತಿಸಿದರು. ಊರು ಖಾಲಿಯಾಗತೊಡಗಿತು. ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್‌ಕಿನ್ ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡರು. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿಗೆ ಪ್ಲೇಗ್ ಹೊಕ್ಕಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು. ಮುಂದಿನ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಈ ವಾದದ ಬಲ ಎಲ್ಲಿದೆ ನೋಡು. ಊರಿನಲ್ಲಿ ಲಸಿಕೆ ಹಾಕಿಸಿಕೊಂಡವರು ಬದುಕಿದ್ದರೆ ನೂರು ಸಂಶಯ ಏಳುತ್ತಿತ್ತು. ಅವರು ಹಣವಂತರೇ, ಗಾಳಿ ಬೆಳಕಿನ ಮನೆಯವರೇ, ಊರು ಬಿಟ್ಟು ಹೋದವರೇ? ಜೈಲಿನಲ್ಲಿ ಎಲ್ಲರಿಗೂ ಅದೇ ಗೋಡೆ, ಅದೇ ಊಟ, ಅದೇ ಇಲಿಗಳು. ಬೇರೆ ಕಾರಣಗಳಿಗೆ ಜಾಗವೇ ಸಿಗದಂತೆ ಆ ಹೋಲಿಕೆ ಅಚ್ಚುಕಟ್ಟಾಗಿತ್ತು. ಅದರಲ್ಲೂ ಒಂದು ಬಿರುಕು ಉಳಿದಿದೆ, ಕಂಡಿತೇ? ‘ತಾವಾಗಿ ಮುಂದೆ ಬಂದವರು.’ ಅವರು ಉಳಿದವರಿಗಿಂತ ಗಟ್ಟಿಮುಟ್ಟಾಗಿದ್ದವರೇ ಆಗಿದ್ದರೆ? ‘ವಾದವನ್ನು ದುರ್ಬಲಗೊಳಿಸುವ ಮಾತು ಯಾವುದು’ ಎಂದು ಈ ಪ್ರಸಂಗದ ಮೇಲೆ ಪ್ರಶ್ನೆ ಬಂದರೆ ಸರಿಯುತ್ತರ ಇದೇ ಆಗಿರುತ್ತದೆ. ‘ಹಾಫ್‌ಕಿನ್ ವೈದ್ಯಪದವಿ ಪಡೆದವರಲ್ಲ’ ಎಂಬ ಆಯ್ಕೆಯೂ ಪಕ್ಕದಲ್ಲಿರುತ್ತದೆ. ಅದು ನಿಜ, ಅವರು ಪ್ರಾಣಿಶಾಸ್ತ್ರ ಓದಿದವರು. ಆದರೆ ಮನುಷ್ಯನ ಮೇಲೆ ಹೇಳಿದ ಮಾತು ವಾದಕ್ಕೆ ತಾಕುವುದಿಲ್ಲ.

ಐದು ವರ್ಷದ ಮೇಲೆ, 1902ರ ಅಕ್ಟೋಬರ್ 30ರಂದು, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಹಾಫ್‌ಕಿನ್ ಅವರ ಪ್ರಯೋಗಾಲಯದಿಂದ ಹೋದ ಲಸಿಕೆಯನ್ನು 107 ಜನರಿಗೆ ಹಾಕಿದರು. 19 ಜನ ಧನುರ್ವಾಯುವಿನಿಂದ ಸತ್ತರು. ವಿಚಾರಣಾ ಸಮಿತಿ ಕೂತಿತು. ಪ್ರಯೋಗಾಲಯದಲ್ಲಿ ಮೊದಲು ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದರು, ಅದನ್ನು ಬಿಟ್ಟು ಕಾಯಿಸಿ ಶುದ್ಧೀಕರಿಸುವ ಕ್ರಮಕ್ಕೆ ಬಂದಿದ್ದರು. ರಕ್ಷಣೆಯ ಆಮ್ಲ ಬಿಟ್ಟರು, ಧನುರ್ವಾಯು ಬಂತು, ಆದ್ದರಿಂದ ಬಾಟಲಿ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲೇ, ಕೆಟ್ಟಿತ್ತು ಎಂದು ಸಮಿತಿ ಹೇಳಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡರು.

19 ಸಾವು ಕಣ್ಣೆದುರಿಗಿವೆ, ಹೊಣೆ ಯಾರದ್ದಾದರೂ ಆಗಲೇಬೇಕು. ಪದ್ಧತಿ ಬದಲಿಸಿದವನ ಮೇಲೆ ಬೆರಳು ತೋರಿಸುವುದು ಎಷ್ಟು ಸಹಜ! ಆದರೆ ಪರೇಲಿನಲ್ಲಿ ಮುಚ್ಚಿದ ಬಾಟಲಿಯಿಂದ ಹಳ್ಳಿಯವನ ತೋಳಿನವರೆಗೆ ಬಹಳ ದಾರಿಯಿದೆ. ಸತ್ತವರೆಲ್ಲರಿಗೂ ಹಾಕಿದ್ದು ಒಂದೇ ಬಾಟಲಿಯ ಲಸಿಕೆ. ಅಂದು ಅಲ್ಲೇ ಬಳಸಿದ ಬೇರೆ ಬಾಟಲಿಗಳಿಂದ ಯಾರಿಗೂ ಏನೂ ಆಗಲಿಲ್ಲ. ಆ ಒಂದು ಬಾಟಲಿಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಅದರಿಂದಲೇ ಮುಚ್ಚಳ ತೆಗೆದಿದ್ದರು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ಮಲೇರಿಯಾ ಸಂಶೋಧನೆಯ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಗಳಲ್ಲಿ ಬರೆದು ವಾದಿಸಿದ ಮೇಲೆ 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು. ಪರೇಲಿನ ಆ ಸಂಸ್ಥೆಗೆ 1925ರಲ್ಲಿ ಅವರದೇ ಹೆಸರಿಟ್ಟರು. ಆ ಗೇಟಿನ ಮುಂದೆ ಹೋಗುವಾಗ ಒಮ್ಮೆ ತಲೆಯೆತ್ತಿ ಬೋರ್ಡು ನೋಡು.

ಇದರಲ್ಲಿ ಪರೀಕ್ಷೆಗೆ ಬೇಕಾದ ಒಂದು ಸೂಕ್ಷ್ಮವಿದೆ. ‘ಬೇರೆ ಬಾಟಲಿಗಳಿಂದ ಯಾರಿಗೂ ತೊಂದರೆಯಾಗಲಿಲ್ಲ’ ಎಂಬ ಮಾತು ಸಮಿತಿಯ ತೀರ್ಮಾನವನ್ನು ಸುಳ್ಳೆಂದು ಸಾಧಿಸುವುದಿಲ್ಲ. ಪರೇಲಿನಲ್ಲೇ ಒಂದು ಬಾಟಲಿ ಮಾತ್ರ ಕೆಟ್ಟಿರಬಹುದಲ್ಲ. ಆದರೂ ಅದು ವಾದವನ್ನು ದುರ್ಬಲಗೊಳಿಸುತ್ತದೆ, ಯಾಕೆಂದರೆ ದೋಷ ಪದ್ಧತಿಯಲ್ಲೇ ಇದ್ದಿದ್ದರೆ ಅದು ಒಂದೇ ಬಾಟಲಿಗೆ ನಿಲ್ಲುವುದು ಕಷ್ಟ. ದುರ್ಬಲಗೊಳಿಸುವುದು ಬೇರೆ, ಉರುಳಿಸುವುದು ಬೇರೆ. ಪೂರ್ತಿ ಉರುಳಿಸುವ ಆಯ್ಕೆಗೆ ಕಾಯುತ್ತ ಕೂತು, ಸರಿಯುತ್ತರವನ್ನು ‘ಇದು ಸಾಲದು’ ಎಂದು ನೀನು ಬಿಟ್ಟ ಕಡೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ.

ಸ್ವಲ್ಪವನ್ನು ನೋಡಿ ಎಲ್ಲವನ್ನೂ ಹೇಳುವ ತಪ್ಪಿಗೆ ಹೆಚ್ಚು ವಿವರಣೆ ಬೇಡ, 2005ರ ಜುಲೈ 26 ಸಾಕು. ಆಗ ನೀನು ತೊಟ್ಟಿಲಿನಲ್ಲಿದ್ದೆ. ಆ ಒಂದು ದಿನ ಸಾಂತಾಕ್ರೂಜ್‌ನ ಮಾಪಕದಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ 75 ಮಿಲಿಮೀಟರ್ ಕೂಡ ಇಲ್ಲ. ಕೊಲಾಬಾದ ಅಂಕಿ ಮಾತ್ರ ಕೈಯಲ್ಲಿ ಹಿಡಿದು ‘ಮುಂಬಯಿಯಲ್ಲಿ ಈ ದಿನ ಸಾಧಾರಣ ಮಳೆ’ ಎಂದು ಬರೆದರೆ ಅಂಕಿ ಸುಳ್ಳಲ್ಲ, ತೀರ್ಮಾನ ಸುಳ್ಳು. ಸಮೀಕ್ಷೆಯ ಪ್ರಶ್ನೆ ಬಂದಾಗಲೆಲ್ಲ ಕೇಳಿಕೋ: ಅಳೆದದ್ದು ಎಲ್ಲಿ, ಹೇಳುತ್ತಿರುವುದು ಎಲ್ಲಿಯ ಬಗ್ಗೆ?

ಶೇಕಡಾವಾರು ಮತ್ತು ಸಂಖ್ಯೆಯ ಗೊಂದಲವೂ ಇದರ ನಂಟನೇ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ, ದಾದರ್‌ನಲ್ಲೋ ಅಂಧೇರಿಯಲ್ಲೋ ಇಳಿದರೆ ಕೋಚಿಂಗ್ ಕ್ಲಾಸುಗಳ ಫಲಕಗಳು ಸಾಲಾಗಿ ನಿಂತಿವೆ. ಇಷ್ಟು ಜನ ನಮ್ಮಲ್ಲಿ ಆಯ್ಕೆಯಾದರು, ಇದು ಆಯ್ಕೆಯಾದವರ ಫೋಟೋ. ಎಷ್ಟು ಜನ ಸೇರಿದ್ದರು ಎಂಬ ಸಂಖ್ಯೆ ಫಲಕದಲ್ಲಿ ಇರುವುದಿಲ್ಲ. ಐದು ನೂರು ಜನರಲ್ಲಿ ಐವತ್ತು ಬೇರೆ, ಐದು ಸಾವಿರದಲ್ಲಿ ಐವತ್ತು ಬೇರೆ. ಇನ್ನೂ ಆಳದ ಒಂದು ಸಂಗತಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬಯಲಿಗೆ ತಂದಿತು. ಯುಪಿಎಸ್‌ಸಿಯಲ್ಲಿ ಗೆದ್ದವರ ಚಿತ್ರ ಹಾಕಿ ತಮ್ಮ ದೊಡ್ಡ ಕೋರ್ಸುಗಳನ್ನು ಮಾರುತ್ತಿದ್ದ ಕೆಲವು ಸಂಸ್ಥೆಗಳಲ್ಲಿ, ಆ ಗೆದ್ದವರು ಬಹುಪಾಲು ಓದಿದ್ದು ಸಂದರ್ಶನದ ತಯಾರಿಯ ಸಣ್ಣ ಕೋರ್ಸು ಮಾತ್ರ. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಅವರು ಆಗಲೇ ಸ್ವಂತ ಬಲದಿಂದ ದಾಟಿದ್ದರು. ಕಾರಣವೂ ಪರಿಣಾಮವೂ ಇಲ್ಲಿ ಹಿಂದುಮುಂದಾಗಿವೆ: ಕ್ಲಾಸಿಗೆ ಹೋದದ್ದರಿಂದ ಗೆದ್ದರು ಎನ್ನುವುದಕ್ಕಿಂತ, ಮುಕ್ಕಾಲು ಗೆದ್ದವರು ಕ್ಲಾಸಿಗೆ ಹೋದರು. 2024ರ ನವೆಂಬರಿನಲ್ಲಿ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಗೆದ್ದ ಅಭ್ಯರ್ಥಿ ಯಾವ ಕೋರ್ಸು ಓದಿದ ಎಂಬುದನ್ನು ಜಾಹೀರಾತಿನಲ್ಲೇ ಹೇಳಬೇಕು. ನಿನ್ನ ಅಪ್ಪ ಯಾವುದೇ ಕೋಚಿಂಗ್ ಕ್ಲಾಸಿನ ಫೀಸಿಗೆ ಚೆಕ್ಕು ಬರೆಯುವ ಮೊದಲು ನೀನು ಹೋಗಿ ಈ ಎರಡು ಪ್ರಶ್ನೆ ಕೇಳು. ಎಷ್ಟು ಜನ ಸೇರಿದ್ದರು, ಗೆದ್ದವರು ಯಾವ ಕೋರ್ಸಿನವರು? ಇದು ಪರೀಕ್ಷೆಯ ತಯಾರಿಯೂ ಹೌದು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಫಲಕದ ತಪ್ಪನ್ನು ನೀನು ಬೇಗ ಹಿಡಿಯುತ್ತೀಯ, ಯಾಕೆಂದರೆ ಫಲಕದ ಮೇಲೆ ನಿನಗೆ ಪ್ರೀತಿಯಿಲ್ಲ. ಪ್ರೀತಿ ಇರುವ ಕಡೆ ಹಿಡಿಯಬಲ್ಲೆಯಾ?

ಮುಂಬಯಿಗೆ ಬಂದ ನಮ್ಮ ಕನ್ನಡ ಜನರ ಕತೆಯನ್ನೇ ತಗೋ. ಊರಲ್ಲಿ ಹೊಟ್ಟೆಗಿಲ್ಲದೆ ಹಡಗು ಹತ್ತಿ ಬಂದ ಹುಡುಗರು ಫೋರ್ಟ್, ಮಾಟುಂಗಾದ ಹೋಟೆಲುಗಳಲ್ಲಿ ಟೇಬಲ್ ಒರೆಸಿದರು. ಹಗಲೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತರು. 1902ರಲ್ಲೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವರಿಗೆ ರಾತ್ರಿಶಾಲೆಯ ಬಾಗಿಲು ತೆರೆದವು. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಬ್ಯಾಂಕಿನವರಾದರು, ಕೆಲವರು ತಮ್ಮದೇ ಹೋಟೆಲು ಮಾಡಿದರು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಈ ಮಾತು ಬಂದಾಗ ನನ್ನ ಕಣ್ಣು ತುಂಬುತ್ತದೆ. ಆಮೇಲೆ ವೇದಿಕೆಯಿಂದ ಮುಂದಿನ ವಾಕ್ಯ ಬರುತ್ತದೆ: ‘ಆದ್ದರಿಂದ ಕಷ್ಟಪಟ್ಟವನು ಮೇಲೆ ಬಂದೇ ಬರುತ್ತಾನೆ.’

ಎಲ್ಲರೂ ಚಪ್ಪಾಳೆ ತಟ್ಟುವ ಆ ‘ಆದ್ದರಿಂದ’ದ ಮುಂದೆ ಸ್ವಲ್ಪ ನಿಲ್ಲು. ವೇದಿಕೆಯ ಮೇಲೆ ಇರುವವರು ಮೇಲೆ ಬಂದವರು. ಅವರಷ್ಟೇ ದುಡಿದು, ಹೋಟೆಲಿನ ಅಡುಗೆಮನೆಯ ಹೊಗೆಯಲ್ಲಿ ಕೆಮ್ಮು ಹತ್ತಿಸಿಕೊಂಡು, ರಾತ್ರಿಶಾಲೆಯ ಬೆಂಚಿನಲ್ಲಿ ನಿದ್ದೆ ತಡೆಯಲಾರದೆ ಪರೀಕ್ಷೆ ಬಿಟ್ಟು ಊರಿಗೆ ಮರಳಿದವರನ್ನು ಸಂಘ ಸನ್ಮಾನಕ್ಕೆ ಕರೆದಿಲ್ಲ, ಅವರ ಲೆಕ್ಕ ಯಾರ ಬಳಿಯೂ ಇಲ್ಲ. ಮೇಲೆ ಬಂದವರೆಲ್ಲ ಕಷ್ಟಪಟ್ಟವರು ಎಂಬುದು ಒಂದು ಮಾತು. ಕಷ್ಟಪಟ್ಟವರೆಲ್ಲ ಮೇಲೆ ಬಂದರು ಎಂಬುದು ಬೇರೆಯೇ ಮಾತು. ಟಿ.ಸಿ.ಯ ಒಗಟಿನಲ್ಲಿ ನಿನಗೆ ಕ್ಷಣದಲ್ಲಿ ಹೊಳೆದದ್ದು ಇದೇ. ಇಲ್ಲಿ ಹೊಳೆಯದಿದ್ದರೆ ಆ ಹುಡುಗರಲ್ಲಿ ಒಬ್ಬನಾಗಿದ್ದ ನಿನ್ನ ಅಜ್ಜನ ಮೇಲಿನ ಅಭಿಮಾನ ಅಡ್ಡ ಬಂದಿದೆ. ಅಭಿಮಾನ ಬಿಡು ಎನ್ನುತ್ತಿಲ್ಲ. ಅಜ್ಜನ ದುಡಿಮೆ ದೊಡ್ಡದಾಗಲು ಆ ತೀರ್ಮಾನದ ಆಸರೆ ಬೇಕಿಲ್ಲ. ಆ ತೀರ್ಮಾನವನ್ನು ಒಪ್ಪಿಕೊಂಡರೆ ಮಾತ್ರ ಒಂದು ಅನ್ಯಾಯ ಮಾಡಿದಂತಾಗುತ್ತದೆ: ಸೋತವರೆಲ್ಲ ಸೋಮಾರಿಗಳು ಎಂದು ಅದು ಸದ್ದಿಲ್ಲದೆ ಹೇಳುತ್ತದೆ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಕಾಲದಲ್ಲಿ ‘ಪಕ್ಕದ ಬೀದಿಯ ಹೋಟೆಲಿಗೆ ಲಾಭ ಬಂದಿದೆ, ನಮಗೂ ಬರುತ್ತದೆ’ ಎಂದು ಬರೆದುಕೊಂಡು ಬರುವವರಿಗೆ, ಅದೇ ಬೀದಿಯಲ್ಲಿ ಮುಚ್ಚಿದ ಹೋಟೆಲುಗಳು ಯಾವುವು ಎಂದು ಕೇಳುತ್ತಿದ್ದೆ. ಬೇಜಾರು ಮಾಡಿಕೊಂಡವರಿದ್ದಾರೆ. ಆ ಪ್ರಶ್ನೆ ಅವರ ಮನೆ ಒತ್ತೆ ಬೀಳದಿರಲೆಂದೇ ಕೇಳಿದ್ದು.

ಇನ್ನು ಹಾಲ್‌ನಲ್ಲಿ ಏನು ಮಾಡಬೇಕು ಎಂದರೆ, ಮೊದಲು ತೀರ್ಮಾನವನ್ನು ಹುಡುಕು. ಅದು ಯಾವಾಗಲೂ ಕೊನೆಯ ಸಾಲಲ್ಲ. ‘ಆದ್ದರಿಂದ’ ಇದ್ದ ಕಡೆ, ‘ಲೇಬೇಕು’ ಎಂದು ಒತ್ತಿ ಹೇಳಿದ ಕಡೆ ಇರುತ್ತದೆ. ಅದನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಕೋ, ಮಾತೃಭಾಷೆಯಲ್ಲಿ ಟೊಳ್ಳು ಮಾತು ಬೇಗ ಟೊಳ್ಳಾಗಿ ಕೇಳಿಸುತ್ತದೆ. ಆಮೇಲೆ ಅಳತೆಯ ಪದಗಳನ್ನು ನೋಡು: ಎಲ್ಲ, ಕೆಲವು, ಹೆಚ್ಚಿನವರು, ಮಾತ್ರ. ಮೇಲೆ ‘ಕೆಲವು’ ಎಂದಿದ್ದು ಕೆಳಗೆ ‘ಎಲ್ಲ’ ಆಗಿದ್ದರೆ ಮುಂದೆ ಓದಬೇಕಾಗಿಯೇ ಇಲ್ಲ. ಹೇಳಿಕೆಗಳ ಜೊತೆ ಜಗಳವಾಡಬೇಡ. ಎಲ್ಲ ಬ್ಯಾಂಕುಗಳೂ ಮರಗಳು ಎಂದು ಕೊಟ್ಟರೆ ಆ ಅರ್ಧ ನಿಮಿಷದ ಮಟ್ಟಿಗೆ ಬ್ಯಾಂಕುಗಳು ಮರಗಳೇ. ದೋಷ ಇರುವುದು ಹೇಳಿಕೆಯಲ್ಲಲ್ಲ, ಹೇಳಿಕೆಯಿಂದ ತೀರ್ಮಾನಕ್ಕೆ ಹಾರುವ ಜಾಗದಲ್ಲಿ.

ಊಹೆಯ ಪ್ರಶ್ನೆಗೆ ಒಂದು ಉಪಾಯವಿದೆ. ಆಯ್ಕೆಯನ್ನು ‘ಇಲ್ಲ’ ಎಂದು ತಿರುಗಿಸು, ವಾದ ಕುಸಿಯುತ್ತದೋ ನೋಡು. ‘ಭಾನುವಾರ ಮಾಟುಂಗಾ–ಮುಲುಂಡ್ ನಡುವೆ ಹಳಿ ದುರಸ್ತಿಯ ಮೆಗಾಬ್ಲಾಕ್ ಇದೆ, ಪ್ರಯಾಣಿಕರು ಅದಕ್ಕೆ ತಕ್ಕಂತೆ ಹೊರಡಬೇಕು’ ಎಂದು ರೈಲ್ವೆ ಪ್ರಕಟಣೆ ಕೊಟ್ಟಿತು ಎಂದಿಟ್ಟುಕೋ. ಒಂದು ಆಯ್ಕೆ: ಪ್ರಕಟಣೆ ಪ್ರಯಾಣಿಕರಲ್ಲಿ ಕೆಲವರನ್ನಾದರೂ ತಲುಪುತ್ತದೆ. ತಿರುಗಿಸು: ಯಾರನ್ನೂ ತಲುಪುವುದಿಲ್ಲ. ಹಾಗಾದರೆ ಪ್ರಕಟಣೆ ಕೊಟ್ಟು ಏನು ಫಲ? ವಾದ ಕುಸಿಯಿತು, ಇದು ಊಹೆ. ಇನ್ನೊಂದು: ಪ್ರಯಾಣಿಕರೆಲ್ಲರೂ ಪ್ರಕಟಣೆಯನ್ನು ಪಾಲಿಸುತ್ತಾರೆ. ತಿರುಗಿಸು: ಎಲ್ಲರೂ ಪಾಲಿಸುವುದಿಲ್ಲ. ಆದರೂ ಪ್ರಕಟಣೆ ಕೊಡಬಹುದು, ವಾದ ನಿಂತಿತು. ಇದು ಊಹೆಯಲ್ಲ. ಮೂರನೆಯದು: ಹಳಿಗಳ ದುರಸ್ತಿ ಪ್ರಯಾಣಿಕರ ಸುರಕ್ಷೆಗೆ ಅಗತ್ಯ. ಇದು ನಿಜವೇ, ಮುಂಬಯಿಯವರೆಲ್ಲ ಒಪ್ಪುವ ಮಾತು. ಹೊರಡುವ ವೇಳೆ ಬದಲಿಸಿ ಎನ್ನುವ ಪ್ರಕಟಣೆ ನಿಲ್ಲಲು ಅದು ಬೇಕೇ ಇಲ್ಲ. ನೀನು ಹೋದದ್ದು ಪ್ರತಿ ಸಲವೂ ಈ ಮೂರನೆಯದರ ಬೆನ್ನು ಹತ್ತಿ.

ಹಾಗಾಗಿ ನಿನ್ನ ಅಭ್ಯಾಸಕ್ಕೆ ಒಂದು ಕಟ್ಟುಪಾಡು ಹಾಕುತ್ತೇನೆ. ಆಯ್ಕೆಗಳನ್ನು ಓದುವಾಗ ಯಾವುದು ನಿನಗೆ ಹಿತವಾಯಿತೋ ಅದರ ಪಕ್ಕ ಒಂದು ಚುಕ್ಕೆ ಇಡು. ಆ ಚುಕ್ಕೆಯ ಆಯ್ಕೆಯನ್ನು ಇನ್ನೊಮ್ಮೆ ಓದಿ, ಅದು ಮೇಲಿನ ಯಾವ ಸಾಲಿನಿಂದ ಹೊರಟಿತು ಎಂದು ಬೆರಳಿಟ್ಟು ತೋರಿಸು. ಬೆರಳಿಡಲು ಸಾಲು ಸಿಗದಿದ್ದರೆ ಅದನ್ನು ಬಿಡು. ಎರಡು ವಾರ ಹೀಗೆ ಮಾಡಿ ಹಾಳೆಗಳನ್ನು ಮತ್ತೆ ಕಳಿಸು.

ಅವುಗಳ ಜೊತೆ ಈ ಒಂದಕ್ಕೂ ಉತ್ತರ ಬರೆ. ನಿನ್ನ ಅಪ್ಪನಿಗೆ ವರ್ಷಗಟ್ಟಲೆ ಚರ್ಚ್‌ಗೇಟ್ ಆಫೀಸಿಗೆ ಊಟ ತಲುಪಿಸಿದ ಡಬ್ಬಾವಾಲರ ಬಗ್ಗೆ ಎಲ್ಲರೂ ಹೇಳುವ ಒಂದು ಮಾತಿದೆ: ಲಕ್ಷಾಂತರ ಡಬ್ಬಿಗಳಲ್ಲಿ ಒಂದು ಮಾತ್ರ ತಪ್ಪುತ್ತದೆ, ಅಮೆರಿಕದ ಫೋರ್ಬ್ಸ್ ಪತ್ರಿಕೆಯೇ ಅವರಿಗೆ ‘ಸಿಕ್ಸ್ ಸಿಗ್ಮಾ’ ಎಂಬ ಗುಣಮಟ್ಟದ ಮನ್ನಣೆ ಕೊಟ್ಟಿದೆ, ಆದ್ದರಿಂದ ಜಗತ್ತಿನಲ್ಲಿ ಅವರಷ್ಟು ಕರಾರುವಾಕ್ಕಾದ ವ್ಯವಸ್ಥೆ ಇನ್ನೊಂದಿಲ್ಲ. 1998ರಲ್ಲಿ ಫೋರ್ಬ್ಸ್‌ನಲ್ಲಿ ಅವರ ಮೇಲೆ ಲೇಖನ ಬಂದದ್ದು ನಿಜ. ಆ ತಪ್ಪಿನ ಲೆಕ್ಕ ಡಬ್ಬಾವಾಲರ ಮುಖಂಡರೇ ಹೇಳಿದ್ದು, ಪತ್ರಿಕೆ ಎಣಿಸಿದ್ದಲ್ಲ. ತಾನು ಅಂಥ ಮನ್ನಣೆ ಕೊಟ್ಟಿಲ್ಲವೆಂದು ಲೇಖನ ಬರೆದವರೇ ಆಮೇಲೆ ಸ್ಪಷ್ಟಪಡಿಸಿದ್ದಾರೆ. ಈ ವಾದದಲ್ಲಿ ಎಷ್ಟು ಕಡೆ ಹಾರಿದ್ದಾರೆ, ಎಲ್ಲೆಲ್ಲಿ, ಒಂದೊಂದನ್ನೂ ಬಿಡಿಸಿ ಬರೆ. ಬರೆಯುವಾಗ ಡಬ್ಬಾವಾಲರ ಮೇಲೆ ನಿನಗಿರುವ ಗೌರವವನ್ನಾಗಲಿ, ನನಗಿರುವ ಗೌರವವನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ